ಹುಲ್ಲು ಕೊಯ್ಯುವವರು ಯಾರು?

ಹುಲ್ಲು ಎಂದೊಡನೆ ನಮ್ಮ ಕಡೆಯವರ ಮನಸ್ಸಿಗೆ ಮೊದಲು ಬರುವುದು ದನ. ನಾವು ಹುಲ್ಲು ಕೊಯ್ಯುವುದು ಕೊಟ್ಟಿಗೆಯ ಬಾಯಿಗೆ, ಬಣವೆ ಒಟ್ಟುವುದು ಬೇಸಿಗೆಯ ಕೊರತೆಗೆ, ಮಾಡಿಗೆ ಹೊದಿಸುವುದು ಮಳೆಗಾಲದ ರಕ್ಷಣೆಗೆ. ಕೊಯ್ದ ಹುಲ್ಲಿಗೆ ಒಂದು ಪ್ರಯೋಜನ ಇದ್ದೇ ಇರಬೇಕೆಂಬುದು ಬೇಸಾಯಗಾರರ ನಾಡಿನ ಸಹಜ ತಿಳಿವಳಿಕೆ. ಆದರೆ ನೀರು ಹಾಯಿಸಿ, ಗೊಬ್ಬರ ಹಾಕಿ, ಹುಲ್ಲನ್ನು ಮಗುವಿನಂತೆ ಬೆಳೆಸಿ, ವಾರಕ್ಕೊಮ್ಮೆ ಅದರ ತಲೆ ಕತ್ತರಿಸಿ, ಕತ್ತರಿಸಿದ್ದನ್ನು ಚೀಲದಲ್ಲಿ ತುಂಬಿ ಬೀದಿಯ ಅಂಚಿನಲ್ಲಿಡುವ ಪದ್ಧತಿಯೊಂದು ಜಗತ್ತಿನಲ್ಲಿದೆ. ಅಷ್ಟೇ ಅಲ್ಲ, ಹಾಗೆ ಕತ್ತರಿಸದೆ ಬಿಟ್ಟವನಿಗೆ ದಂಡ ವಿಧಿಸುವ ಕಾನೂನೂ ಇದೆ. ಇದನ್ನು ನಮ್ಮ ಅಜ್ಜಂದಿರಿಗೆ ಹೇಳಿದ್ದರೆ ಕಥೆ ಕಟ್ಟುತ್ತಿದ್ದೀಯೆ ಎಂದು ನಕ್ಕುಬಿಡುತ್ತಿದ್ದರು.

ಈ ವಿಷಯವನ್ನು ನಾನು ಇಂದು ಎತ್ತಿಕೊಳ್ಳಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಅಮೆರಿಕದಲ್ಲಿ ನೆಲೆಸಿದ್ದಾರೆ. ಅವರು ಹೋದಾಗ ತರುಣರಾಗಿದ್ದರು. ಈಗ ಅವರಿಗೂ ತಲೆ ನೆರೆತಿದೆ. ಕೆಲವರ ಮಕ್ಕಳು ಓದು ಮುಗಿಸಿ ಬೇರೆ ಊರು ಸೇರಿದ್ದಾರೆ, ಕೆಲವರ ಸಂಗಾತಿಗಳು ಇಲ್ಲವಾಗಿದ್ದಾರೆ. ಅಂಥ ಒಬ್ಬ ವಿದ್ಯಾರ್ಥಿನಿ ಕೆಲವು ತಿಂಗಳ ಹಿಂದೆ ನನಗೆ ದೀರ್ಘವಾದ ಪತ್ರ ಬರೆದಿದ್ದಳು. ಪತಿ ತೀರಿಕೊಂಡ ವರ್ಷ ಮನೆಯ ಮುಂದಿನ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತಂತೆ. ಬಡಾವಣೆಯ ಸಂಘದಿಂದ ಎಚ್ಚರಿಕೆಯ ಕಾಗದ ಬಂತು. ಅವಳ ಮಂಡಿನೋವಿಗೆ ಯಂತ್ರ ತಳ್ಳುವುದು ಆಗದು, ಆಳಿಗೆ ಕೊಡುವಷ್ಟು ಹಣ ಆ ಹೊತ್ತಿನಲ್ಲಿ ಕೈಯಲ್ಲಿರಲಿಲ್ಲ. "ಮೇಷ್ಟ್ರೇ, ನೀವು ನಮಗೆ ಫ್ರಾನ್ಸಿನ ಕ್ರಾಂತಿಯಿಂದ ಹಿಡಿದು ಎಲ್ಲದಕ್ಕೂ ಕಾರಣ ಹೇಳಿಕೊಟ್ಟಿರಿ. ಈ ಹುಲ್ಲಿಗೂ ಒಂದು ಇತಿಹಾಸ ಇದೆಯೇ?" ಎಂದು ಪತ್ರದ ಕೊನೆಯಲ್ಲಿ ಕೇಳಿದ್ದಳು.

ಇದೆ. ಆ ಇತಿಹಾಸವನ್ನು ಒಂದೇ ಪ್ರಶ್ನೆಯ ಸುತ್ತ ಹೇಳಬಹುದು: ಹುಲ್ಲು ಕೊಯ್ಯುವವರು ಯಾರು, ಮತ್ತು ಅವರಿಗೆ ಸಿಗುವುದೇನು? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಜೋಡಿಸಿದರೆ ಆ ಸಮಾಜದ ಚರಿತ್ರೆಯೇ ನಮ್ಮ ಮುಂದೆ ತೆರೆದುಕೊಳ್ಳುತ್ತದೆ.

ಮನೆಯ ಮುಂದೆ ಹುಲ್ಲುಹಾಸು ಬೆಳೆಸುವ ಗೀಳು ಮೊದಲು ಹಿಡಿದದ್ದು ಯುರೋಪಿನ ಸಿರಿವಂತರಿಗೆ. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಜಮೀನುದಾರರು ತಮ್ಮ ಬಂಗಲೆಗಳ ಎದುರು ವಿಶಾಲವಾದ ಹಸಿರು ಬಯಲುಗಳನ್ನು ನಿರ್ಮಿಸಿಕೊಂಡರು. 'ಕೇಪಬಿಲಿಟಿ' ಬ್ರೌನ್ ಎಂದು ಹೆಸರಾದ ಲಾನ್ಸೆಲಾಟ್ ಬ್ರೌನ್ ಎಂಬ ಉದ್ಯಾನ ಶಿಲ್ಪಿ ಇಂಥ ಹತ್ತಾರು ಬಯಲುಗಳನ್ನು ರೂಪಿಸಿದ. ಫಲವತ್ತಾದ ನೆಲದಲ್ಲಿ ಅನ್ನ ಬೆಳೆಯದೆ ಬರಿಯ ಹುಲ್ಲು ಬೆಳೆಯುವುದೆಂದರೆ, 'ನನಗೆ ಈ ನೆಲದ ದುಡಿಮೆಯ ಅಗತ್ಯವೇ ಇಲ್ಲ' ಎಂದು ಊರಿಗೆಲ್ಲ ಸಾರಿದಂತೆ. ಹುಲ್ಲುಹಾಸಿನ ಅಂದಕ್ಕಿಂತ ಈ ಸಾರುವಿಕೆಯೇ ಮುಖ್ಯವಾಗಿತ್ತೆಂದು ನನಗೆ ತೋರುತ್ತದೆ.

ಆ ಹುಲ್ಲನ್ನು ತಗ್ಗಿಸಿಡಲು ಎರಡು ಉಪಾಯಗಳಿದ್ದವು. ಮನೆಯಿಂದ ದೂರದ ಬಯಲಿನಲ್ಲಿ ಕುರಿಗಳನ್ನು ಮೇಯಿಸುತ್ತಿದ್ದರು. ಕುರಿ ಮನೆಯತ್ತ ಬಾರದಂತೆ, ಆದರೆ ನೋಟಕ್ಕೆ ಬೇಲಿ ಅಡ್ಡವಾಗದಂತೆ, ತಗ್ಗಿನಲ್ಲಿ ಗೋಡೆ ಕಟ್ಟಿದ ಕಂದಕ ತೋಡುತ್ತಿದ್ದರು. ಮನೆಯ ಹತ್ತಿರದ ಹುಲ್ಲನ್ನು ಮಾತ್ರ ಆಳುಗಳು ಉದ್ದ ಹಿಡಿಯ ದೊಡ್ಡ ಕುಡುಗೋಲಿನಿಂದ ಕೊಯ್ಯಬೇಕಿತ್ತು. ಇಬ್ಬನಿಯಲ್ಲಿ ನೆನೆದ ಹುಲ್ಲು ಚೆನ್ನಾಗಿ ಕತ್ತರಿಸಿ ಬರುವುದರಿಂದ ಆಳುಗಳು ನಸುಕಿನಲ್ಲೇ ಸಾಲಾಗಿ ಇಳಿಯುತ್ತಿದ್ದರು. ಅವರ ಹಿಂದೆ ಹೆಂಗಸರು ಕತ್ತರಿಸಿದ್ದನ್ನು ಗುಡಿಸಿ ಬಳಿಯುತ್ತಿದ್ದರು. ಒಡೆಯ ಏಳುವ ಹೊತ್ತಿಗೆ ಹಸಿರು ಸಮನಾಗಿರುತ್ತಿತ್ತು, ಅದನ್ನು ಸಮ ಮಾಡಿದವರು ಕಣ್ಣಿಗೆ ಬೀಳುತ್ತಿರಲಿಲ್ಲ.

ಈ ಶೋಕಿಯನ್ನು ಅಟ್ಲಾಂಟಿಕ್ ಸಾಗರದಾಚೆಗೆ ಒಯ್ದವರಲ್ಲಿ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಕೂಡ ಒಬ್ಬ. ಮೌಂಟ್ ವರ್ನನ್ನಿನ ಆತನ ಮನೆಯ ಮುಂದೆ ಇಂಗ್ಲಿಷ್ ಮಾದರಿಯ ಹುಲ್ಲುಹಾಸಿತ್ತು. ಅಲ್ಲಿ ದುಡಿದವರು ಗುಲಾಮರು. ನಮ್ಮಲ್ಲಿ ಒಡೆಯನ ಭಯಕ್ಕೆ, ಕೂಲಿಯಿಲ್ಲದೆ ಮಾಡುವ ಕೆಲಸಕ್ಕೆ 'ಬಿಟ್ಟಿ' ಎಂಬ ಮಾತಿದೆಯಲ್ಲವೇ, ಅಮೆರಿಕದ ಹುಲ್ಲುಹಾಸಿನ ಮೊದಲ ಅಧ್ಯಾಯ ಅದಕ್ಕಿಂತಲೂ ಕ್ರೂರವಾದ ಬಿಟ್ಟಿಯದು. 'ಉಚಿತ' ಎಂಬ ಪದವನ್ನು ಕೇಳಿದಾಗಲೆಲ್ಲ, ಅದು ಯಾರಿಗೆ ಉಚಿತ, ಯಾರ ಬೆನ್ನಿನ ಮೇಲಿನ ಉಚಿತ ಎಂದು ಕೇಳುವ ಅಭ್ಯಾಸವನ್ನು ಇತಿಹಾಸದ ವಿದ್ಯಾರ್ಥಿ ಬೆಳೆಸಿಕೊಳ್ಳಬೇಕು.

ಮುಂದಿನ ತಿರುವನ್ನು ತಂದದ್ದು ಒಂದು ಯಂತ್ರ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನ ಸ್ಟ್ರೌಡ್ ಎಂಬಲ್ಲಿ ಉಣ್ಣೆ ಬಟ್ಟೆಯ ಗಿರಣಿಗಳಿದ್ದವು. ನೇಯ್ದ ಬಟ್ಟೆಯ ಮೇಲೆ ಎದ್ದ ನವಿರಾದ ಎಳೆಗಳನ್ನು ಸಮನಾಗಿ ಕತ್ತರಿಸಲು ಅಲ್ಲಿ ಸುರುಳಿ ಅಲಗಿನ ಯಂತ್ರವೊಂದು ಬಳಕೆಯಲ್ಲಿತ್ತು. ಎಡ್ವಿನ್ ಬಡ್ಡಿಂಗ್ ಎಂಬ ಕುಶಲಕರ್ಮಿ ಅದನ್ನು ನೋಡಿ, ಬಟ್ಟೆಯ ಮೇಲಿನ ಎಳೆ ಕತ್ತರಿಸುವುದು ನೆಲದ ಮೇಲಿನ ಎಳೆಯನ್ನೇಕೆ ಕತ್ತರಿಸಬಾರದು ಎಂದು ಯೋಚಿಸಿದ. 1830ರಲ್ಲಿ ಅವನಿಗೆ ಪೇಟೆಂಟು ದೊರೆಯಿತು. ಇಪ್ಸ್‌ವಿಚ್ಚಿನ ರ್‍ಯಾನ್ಸಮ್ಸ್ ಕಂಪನಿ ಆ ಯಂತ್ರಗಳನ್ನು ತಯಾರಿಸಿ ಮಾರತೊಡಗಿತು. ಮುಂದೆ ದೊಡ್ಡ ಯಂತ್ರಗಳನ್ನು ಕುದುರೆಗಳು ಎಳೆದವು. ಗೊರಸಿನ ಗುರುತು ಹುಲ್ಲಿನ ಮೇಲೆ ಮೂಡದಿರಲೆಂದು ಆ ಕುದುರೆಗಳಿಗೆ ತೊಗಲಿನ ಪಾದರಕ್ಷೆ ತೊಡಿಸುತ್ತಿದ್ದರು! ಹತ್ತು ಆಳುಗಳ ಕೆಲಸ ಹೀಗೆ ಒಬ್ಬನ ಕೈಗೆ ಬಂತು. ಅದರ ಜೊತೆಗೆ, ಹತ್ತು ಆಳುಗಳನ್ನು ಸಾಕಲಾರದವನಿಗೂ ಹುಲ್ಲುಹಾಸಿನ ಆಸೆ ಹುಟ್ಟಿತು.

ಆ ಆಸೆಗೆ ಅಮೆರಿಕದಲ್ಲಿ ಸಿದ್ಧಾಂತದ ರೂಪ ಕೊಟ್ಟವನು ಫ್ರ್ಯಾಂಕ್ ಜೆ. ಸ್ಕಾಟ್. ನಗರದ ಹೊರವಲಯದ ಮನೆಗಳ ಅಂಗಳವನ್ನು ಚೆಲುವುಗೊಳಿಸುವ ಬಗೆಯನ್ನು ಕುರಿತು ಆತ 1870ರಲ್ಲಿ ಒಂದು ಗ್ರಂಥ ಪ್ರಕಟಿಸಿದ. ಮನೆಯ ಮುಂದೆ ಎತ್ತರದ ಬೇಲಿ ಹಾಕಿ ನೆರೆಯವರ ನೋಟವನ್ನು ತಡೆಯುವುದು ಸಜ್ಜನಿಕೆಯಲ್ಲ, ಎಲ್ಲರ ಹುಲ್ಲೂ ಒಂದಕ್ಕೊಂದು ಕೂಡಿ ಒಂದೇ ತೋಟದಂತೆ ಕಾಣಬೇಕು ಎಂಬುದು ಅವನ ವಾದ. ಅದಕ್ಕೆ ಒಂದೆರಡು ವರ್ಷ ಮೊದಲೇ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಇಲಿನಾಯ್ ರಾಜ್ಯದ ರಿವರ್‌ಸೈಡ್ ಎಂಬ ಬಡಾವಣೆಯನ್ನು ಬೇಲಿಯಿಲ್ಲದ ಹಸಿರು ಅಂಗಳಗಳ ಮಾದರಿಯಲ್ಲೇ ಯೋಜಿಸಿದ್ದ. ಕೇಳಲು ಉದಾರವಾದ ವಿಚಾರ. ಆದರೆ ಇದರ ಒಳಗೊಂದು ಬೀಜವಿತ್ತು. ನನ್ನ ಅಂಗಳ ಎಲ್ಲರ ತೋಟದ ಒಂದು ತುಂಡು ಎಂದಾದರೆ, ನನ್ನ ಹುಲ್ಲಿನ ಎತ್ತರವನ್ನು ಅಳೆಯುವ ಹಕ್ಕು ನೆರೆಯವರಿಗೆ ದೊರೆತಂತಾಯಿತು. ಇಂದು ಬರುವ ಎಚ್ಚರಿಕೆಯ ಕಾಗದಗಳ ಮೂಲ ಇಲ್ಲಿದೆ.

ಇಲ್ಲಿ ಒಂದು ವಿನೋದದ ಪ್ರಸಂಗವನ್ನು ಹೇಳಿ ಮುಂದೆ ಹೋಗುತ್ತೇನೆ. ಕಡಿಮೆ ಖರ್ಚಿನಲ್ಲಿ ಹುಲ್ಲು ಕತ್ತರಿಸುವ ದಾರಿಯನ್ನು ಒಮ್ಮೆ ಅಮೆರಿಕದ ಅಧ್ಯಕ್ಷರ ಭವನವೇ ಹುಡುಕಬೇಕಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ವುಡ್ರೊ ವಿಲ್ಸನ್ ಶ್ವೇತಭವನದ ಅಂಗಳದಲ್ಲಿ ಕುರಿಗಳನ್ನು ಮೇಯಲು ಬಿಟ್ಟರು. ಮಂದೆ ಬೆಳೆದು 48ರವರೆಗೆ ಮುಟ್ಟಿತು. ಹುಲ್ಲು ಕತ್ತರಿಸುವ ಆಳುಗಳ ದುಡಿಮೆ ಉಳಿಯಿತು. ಕುರಿಗಳ ಉಣ್ಣೆಯನ್ನು ಹರಾಜು ಹಾಕಿದಾಗ ಬಂದ 50,000 ಡಾಲರಿಗೂ ಮೀರಿದ ಹಣ ರೆಡ್ ಕ್ರಾಸ್ ಸಂಸ್ಥೆಗೆ ಸಂದಿತು. ಹುಲ್ಲು ಎಂದರೆ ಮೇವು ಎಂಬ ನಮ್ಮ ಹಿರಿಯರ ತಿಳಿವಳಿಕೆ ಅಲ್ಲಿ ಒಂದೆರಡು ವರ್ಷ ಆಳಿತು ಎನ್ನೋಣ.

ಹುಲ್ಲುಹಾಸು ಶ್ರೀಮಂತರ ಶೋಕಿಯಾಗಿದ್ದದ್ದು ನಡುವಣ ವರ್ಗದ ಕರ್ತವ್ಯವಾಗಿ ಬದಲಾದದ್ದು ಎರಡನೆಯ ಮಹಾಯುದ್ಧದ ನಂತರ. ಅದಕ್ಕೆ ಮೂರು ಕಾರಣಗಳು ಕೂಡಿದವು. ಮೊದಲನೆಯದು ಬಿಡುವು. 1938ರ ಕಾರ್ಮಿಕ ಕಾಯಿದೆ 1940ರ ಹೊತ್ತಿಗೆ ವಾರಕ್ಕೆ 40 ಗಂಟೆಗಳ ದುಡಿಮೆಯನ್ನು ಸಾಮಾನ್ಯ ನಿಯಮವಾಗಿಸಿತು. ಶನಿವಾರ ಮನೆಯಲ್ಲಿರುವ ಗಂಡಸು ಹೀಗೆ ಹುಟ್ಟಿಕೊಂಡ. ಎರಡನೆಯದು ಸಾಲ. 1944ರ ಕಾಯಿದೆಯ ಮೂಲಕ ಯುದ್ಧದಿಂದ ಮರಳಿದ ಸೈನಿಕರಿಗೆ ಮನೆ ಕೊಳ್ಳಲು ಸರ್ಕಾರದ ಖಾತರಿಯ ಸಾಲ ದೊರೆಯಿತು. ಮೂರನೆಯದು ಕಾರ್ಖಾನೆಯಲ್ಲಿ ವಸ್ತುಗಳನ್ನು ಮಾಡಿದಂತೆ ಮನೆಗಳನ್ನು ಕಟ್ಟುವ ವಿಧಾನ. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಲ್ಲಿ 1947ರಿಂದ 1951ರವರೆಗೆ ಲೆವಿಟ್ ಕುಟುಂಬದವರು ಆಲೂಗಡ್ಡೆ ಹೊಲಗಳ ಮೇಲೆ 17,000ಕ್ಕೂ ಹೆಚ್ಚು ಮನೆಗಳನ್ನು ನಿರ್ಮಿಸಿದರು. ಅದೇ ಲೆವಿಟ್‌ಟೌನ್.

ಲೆವಿಟ್‌ಟೌನಿನ ಪ್ರತಿ ಮನೆಯೊಂದಿಗೂ ಹುಲ್ಲುಹಾಸು ಬಂತು, ಅದರೊಂದಿಗೆ ಕರಾರೂ ಬಂತು. ಬೇಲಿ ಹಾಕುವಂತಿಲ್ಲ, ಹುಲ್ಲನ್ನು ವಾರಕ್ಕೊಮ್ಮೆ ಕತ್ತರಿಸಬೇಕು, ತಪ್ಪಿದರೆ ಕಂಪನಿಯೇ ಆಳು ಕಳಿಸಿ ಕತ್ತರಿಸಿ ಖರ್ಚನ್ನು ನಿವಾಸಿಯಿಂದ ವಸೂಲು ಮಾಡುತ್ತಿತ್ತು. ಅದೇ ಕಾಲದ ಕರಾರುಪತ್ರಗಳಲ್ಲಿ ಬಿಳಿಯರಲ್ಲದವರಿಗೆ ಅಲ್ಲಿ ವಾಸಕ್ಕೆ ಅವಕಾಶವಿಲ್ಲ ಎಂಬ ಷರತ್ತೂ ಇತ್ತು. ಇಂಥ ಜನಾಂಗದ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು 1948ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ವಸತಿಯಲ್ಲಿ ಭೇದ ಮಾಡುವುದನ್ನು ನಿಷೇಧಿಸುವ ಕಾಯಿದೆ ಬಂದದ್ದು 1968ರಲ್ಲಿ. ಮನುಷ್ಯರನ್ನು ಹೊರಗಿಡುವ ಷರತ್ತು ಹೋಯಿತು, ಹುಲ್ಲಿನ ಷರತ್ತು ಉಳಿಯಿತು. ಇಂದು ನಮ್ಮ ಮಕ್ಕಳು ಆ ದೇಶದ ಬಡಾವಣೆಗಳಲ್ಲಿ ಮನೆ ಕೊಂಡು ಸಹಿ ಹಾಕುವ ಕಾಗದಗಳಲ್ಲಿ ಅದರ ವಂಶಸ್ಥರಿದ್ದಾರೆ.

ಈಗ ಮನೆಯೊಡೆಯನೇ ಆಳಾದ. ಆಳಾದವನಿಗೆ ಸಾಮಗ್ರಿ ಬೇಕಲ್ಲವೇ? ಒಹಾಯೋದ ಮೇರಿಸ್‌ವಿಲ್ಲಿನಲ್ಲಿ 1868ರಲ್ಲಿ ಬೀಜದ ವ್ಯಾಪಾರವಾಗಿ ಆರಂಭವಾದ ಸ್ಕಾಟ್ಸ್ ಕಂಪನಿ 1928ರಿಂದಲೇ ಹುಲ್ಲುಹಾಸಿನ ಆರೈಕೆಯನ್ನು ಕುರಿತ ಪತ್ರಿಕೆಯೊಂದನ್ನು ಮನೆಯವರಿಗೆ ಪುಕ್ಕಟೆಯಾಗಿ ಕಳಿಸುತ್ತಿತ್ತು. ಸಲಹೆ ಪುಕ್ಕಟೆ, ಸಲಹೆಯಲ್ಲಿ ಹೇಳಿದ ಬೀಜ ಗೊಬ್ಬರಗಳಿಗೆ ಹಣ! ಎರಡನೆಯ ಮಹಾಯುದ್ಧದ ಬಳಿಕ 2,4-ಡಿ ಎಂಬ ಕಳೆನಾಶಕ ಪೇಟೆಗೆ ಬಂತು. ಅಗಲ ಎಲೆಯ ಗಿಡಗಳನ್ನಷ್ಟೇ ಕೊಂದು ಹುಲ್ಲನ್ನು ಉಳಿಸುವುದು ಅದರ ಗುಣ. ಅಲ್ಲಿಯವರೆಗೆ ಹುಲ್ಲಿನ ಬೀಜದೊಂದಿಗೆ ಕ್ಲೋವರ್ ಎಂಬ ಗಿಡದ ಬೀಜವನ್ನೂ ಬೆರೆಸಿ ಬಿತ್ತುವ ರೂಢಿಯಿತ್ತು. ಕ್ಲೋವರ್ ನಮ್ಮ ಹುರುಳಿ, ಅವರೆಗಳ ಬಳಗಕ್ಕೆ ಸೇರಿದ್ದು. ಗಾಳಿಯಲ್ಲಿನ ಸಾರಜನಕವನ್ನು ಬೇರಿನ ಗಂಟುಗಳ ಮೂಲಕ ನೆಲಕ್ಕೆ ಕೊಡುವಂಥದು. ಅಗಲ ಎಲೆಯದಾದ್ದರಿಂದ ಅದೂ ಔಷಧಿಗೆ ಬಲಿಯಾಯಿತು. ಕ್ರಮೇಣ ಅದಕ್ಕೆ 'ಕಳೆ' ಎಂಬ ಹೆಸರೇ ಅಂಟಿತು. ನೆಲಕ್ಕೆ ಗೊಬ್ಬರ ಕೊಡುತ್ತಿದ್ದ ಗಿಡ ಹೋದ ಮೇಲೆ ಗೊಬ್ಬರವನ್ನು ಅಂಗಡಿಯಿಂದ ತರಬೇಕಾಯಿತು. ಗೊಬ್ಬರ ಹಾಕಿದಷ್ಟೂ ಹುಲ್ಲು ಬೇಗ ಬೆಳೆಯಿತು, ಬೆಳೆದಷ್ಟೂ ಕತ್ತರಿಸಬೇಕಾಯಿತು. ಹುಲ್ಲುಹಾಸು ಖರ್ಚಿನ ಬಾಬ್ತಾದದ್ದು ಹೀಗೆ.

ಹುಲ್ಲಿನ ಹೆಸರುಗಳ ವಿಷಯದಲ್ಲೂ ಒಂದು ಸ್ವಾರಸ್ಯವಿದೆ. ಕೆಂಟಕಿಯ ಹೆಸರು ಹೊತ್ತ 'ಕೆಂಟಕಿ ಬ್ಲೂಗ್ರಾಸ್' ಕೆಂಟಕಿಯದಲ್ಲ, ಹಳೆಯ ಖಂಡಗಳಿಂದ ವಲಸೆ ಹೋದದ್ದು. ಬೆಚ್ಚನೆಯ ದಕ್ಷಿಣ ರಾಜ್ಯಗಳಲ್ಲಿ ಬೆಳೆಯುವ 'ಬರ್ಮುಡಾ ಗ್ರಾಸ್' ಬರ್ಮುಡಾದ್ದಲ್ಲ, ಅದು ನಮ್ಮ ಗರಿಕೆ! ಚೌತಿಯಂದು ಗಣಪತಿಗೆ ಏರಿಸುವ ಅದೇ ಗರಿಕೆಯನ್ನು ಅಲ್ಲಿ ಕೆಲವರು ಹಣ ಕೊಟ್ಟು ಬೆಳೆಸುತ್ತಾರೆ, ಇನ್ನು ಕೆಲವರು ಹಣ ಕೊಟ್ಟು ಕೊಲ್ಲಿಸುತ್ತಾರೆ.

ಕೈಲಾಗುವವರು ತಾವೇ ಕತ್ತರಿಸಿದರು. ಹಣವುಳ್ಳವರು ಬೇರೆಯವರ ಕೈ ಹುಡುಕಿದರು. ಕ್ಯಾಲಿಫೋರ್ನಿಯಾದಲ್ಲಿ ಆ ಕೈ ಬಹುಕಾಲ ಜಪಾನಿನಿಂದ ವಲಸೆ ಬಂದವರದಾಗಿತ್ತು. ಅಲ್ಲಿನ ಕಾನೂನು ಅವರಿಗೆ ಭೂಮಿ ಕೊಳ್ಳಲು ಅವಕಾಶ ಕೊಟ್ಟಿರಲಿಲ್ಲ, ಆದರೆ ಪರರ ಅಂಗಳದ ಹುಲ್ಲು ಕತ್ತರಿಸಲು ಯಾವ ಅಡ್ಡಿಯೂ ಇರಲಿಲ್ಲ. 1942ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಆಜ್ಞೆಯ ಮೇರೆಗೆ ಪಶ್ಚಿಮ ಕರಾವಳಿಯ ಜಪಾನಿ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಿಗೆ ಕಳಿಸಲಾಯಿತು. ಯುದ್ಧ ಮುಗಿದು ಮರಳಿದವರಲ್ಲಿ ಎಷ್ಟೋ ಮಂದಿಗೆ ಉಳಿದಿದ್ದ ದಾರಿ ಮತ್ತೆ ಕತ್ತರಿ ಹಿಡಿಯುವುದೇ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಆ ತೋಟಗಾರರು 1955ರಲ್ಲಿ ತಮ್ಮದೇ ಒಕ್ಕೂಟ ಕಟ್ಟಿಕೊಂಡರು. ಅವರ ಮಕ್ಕಳು ಓದಿ ಬೇರೆ ವೃತ್ತಿ ಹಿಡಿದ ಮೇಲೆ ಆ ಯಂತ್ರಗಳು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದವರ ಕೈಗೆ ಹೋದವು. ಎಲೆ ಊದುವ ಪೆಟ್ರೋಲ್ ಯಂತ್ರಗಳ ಸದ್ದಿನಿಂದ ಬೇಸತ್ತ ಲಾಸ್ ಏಂಜಲಿಸ್ ನಗರ ಮನೆಗಳ ಬಳಿ ಅವುಗಳನ್ನು ನಿಷೇಧಿಸಿದಾಗ, 1998ರ ಜನವರಿಯಲ್ಲಿ ಈ ತೋಟಗಾರರು ನಗರಸಭೆಯ ಮುಂದೆ ಉಪವಾಸ ಕುಳಿತರು. ನಸುಕಿನ ಕತ್ತಲಲ್ಲಿ ಕಣ್ಣಿಗೆ ಬೀಳದೆ ಕೆಲಸ ಮುಗಿಸಬೇಕಿದ್ದ ವರ್ಗ ಹಾಡಹಗಲಲ್ಲಿ ತನ್ನ ಹೊಟ್ಟೆಯ ಮಾತನ್ನು ಆಡಿತು. 'ಅಗ್ಗ'ವಾಗಿ ಆಳು ಸಿಗುತ್ತದೆಯೇ ಎಂದು ಕೇಳುವ ಮೊದಲು ಆ ದಿನಗಳನ್ನು ನೆನೆಯುವುದು ಒಳ್ಳೆಯದು.

ನಮ್ಮ ನಾಡಿಗೂ ಹುಲ್ಲುಹಾಸು ಬಂದದ್ದು ಇಂಗ್ಲಿಷರ ಜೊತೆಯಲ್ಲೇ. ಬೆಂಗಳೂರಿನ ದಂಡುಪ್ರದೇಶದ ಬಂಗಲೆಗಳು, ಕ್ಲಬ್ಬುಗಳು, ಉದ್ಯಾನಗಳು ಅದನ್ನು ಪರಿಚಯಿಸಿದವು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ಉದ್ಯಾನತಜ್ಞ ಕ್ರುಂಬಿಗಲ್ ಲಾಲ್‌ಬಾಗನ್ನೂ ಬೆಂಗಳೂರಿನ ಸಾಲುಮರಗಳನ್ನೂ ರೂಪಿಸಿದರು. ಆದರೆ ನಮ್ಮಲ್ಲಿ ಹುಲ್ಲಿನ ಆರೈಕೆ ಮಾಲಿಯ ಕೆಲಸವಾಗಿಯೇ ಉಳಿಯಿತು, ಸಾಮಾನ್ಯ ಸಂಸಾರಸ್ಥನ ಬೆನ್ನಿಗೆ ಬೀಳಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು, ಆಗಸ್ಟ್ ಹದಿನೈದಕ್ಕೆ ಮುಂಚಿನ ಶನಿವಾರ ಶಾಲೆಯ ಮೈದಾನದಲ್ಲಿ ಶ್ರಮದಾನ ಮಾಡಿಸುತ್ತಿದ್ದೆವು. ಮಳೆಗೆ ಎದ್ದ ಹುಲ್ಲನ್ನೂ ಮುಟ್ಟಿದರೆ ಮುನಿಯನ್ನೂ ಕೀಳುವಾಗ ನಿಮ್ಮ ಗೊಣಗಾಟ ಕೊಠಡಿಯೊಳಕ್ಕೆ ಕೇಳಿಸುತ್ತಿತ್ತು. ಈಗ ನಿಮ್ಮಲ್ಲಿ ಕೆಲವರು ಸಾವಿರಾರು ಮೈಲಿ ದೂರದಲ್ಲಿ ಪ್ರತಿ ಶನಿವಾರ ಅದೇ ಕೆಲಸ ಮಾಡುತ್ತೀರಿ ಎಂದು ನೆನೆದರೆ ನಗು ಬರುತ್ತದೆ.

ಆದರೆ ಮುಪ್ಪಿನಲ್ಲಿ, ರೋಗದಲ್ಲಿ, ಒಂಟಿತನದಲ್ಲಿ ಇದು ನಗುವ ವಿಷಯವಲ್ಲ. ಫ್ಲಾರಿಡಾ ರಾಜ್ಯದ ಡುನೆಡಿನ್ ಎಂಬ ಪಟ್ಟಣದಲ್ಲಿ 2018ರಲ್ಲಿ ಮನೆಯೊಡೆಯರೊಬ್ಬರು ಊರಲ್ಲಿಲ್ಲದಾಗ ಹುಲ್ಲು ಮಿತಿಮೀರಿ ಬೆಳೆಯಿತು. ದಿನಕ್ಕೆ 500 ಡಾಲರಿನಂತೆ ದಂಡ ಬೆಳೆದು 29,000 ಡಾಲರನ್ನು ದಾಟಿತು. ಕಟ್ಟಲಾಗದಿದ್ದಾಗ ನಗರಾಡಳಿತ ಮನೆಯನ್ನೇ ಜಪ್ತಿ ಮಾಡಲು ಹೊರಟಿತು. ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಹುಲ್ಲಿನಿಂದ ಮನೆ ಕಳೆದುಕೊಳ್ಳುವ ಭೀತಿ ಕಲ್ಪನೆಯಲ್ಲ ಎಂಬುದಕ್ಕೆ ಇಷ್ಟು ಸಾಕು. ಆದ್ದರಿಂದಲೇ ಅಲ್ಲಿ ನೆರವಿನ ಇತಿಹಾಸವೊಂದೂ ಬೆಳೆದು ಬಂದಿದೆ. ಅದನ್ನು ತುಸು ವಿವರವಾಗಿಯೇ ಹೇಳುತ್ತೇನೆ.

ಮೊದಲನೆಯದು ಸರ್ಕಾರದ ನೆರವು. 1965ರ ಜುಲೈಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವೃದ್ಧರ ಕ್ಷೇಮಕ್ಕಾಗಿ ಒಂದು ಕಾಯಿದೆಗೆ ಸಹಿ ಹಾಕಿದರು. 1973ರ ತಿದ್ದುಪಡಿಯ ಮೂಲಕ ದೇಶದಾದ್ಯಂತ ಪ್ರಾದೇಶಿಕ ವೃದ್ಧಸೇವಾ ಕಚೇರಿಗಳು ಸ್ಥಾಪನೆಯಾದವು. 60 ವರ್ಷ ದಾಟಿದವರು ತಮ್ಮ ಮನೆಯಲ್ಲೇ ಇದ್ದು ಬಾಳಲು ನೆರವಾಗುವುದು ಅವುಗಳ ಉದ್ದೇಶ. ಊಟ ತಲುಪಿಸುವುದು, ಆಸ್ಪತ್ರೆಗೆ ಕರೆದೊಯ್ಯುವುದು ಇವುಗಳ ಜೊತೆಗೆ ಮನೆಯ ಭಾರಿ ಕೆಲಸಗಳಲ್ಲಿ ಕೈಜೋಡಿಸುವ ಸೇವೆಯೂ ಅವುಗಳ ಪಟ್ಟಿಯಲ್ಲಿದೆ. ಹಲವೆಡೆ ಅಂಗಳದ ಹುಲ್ಲು ಈ ಬಾಬ್ತಿನಲ್ಲೇ ಬರುತ್ತದೆ. ಎಲ್ಲ ಊರುಗಳಲ್ಲೂ ಸಿಗುವುದಿಲ್ಲ, ಕಷ್ಟ ಹೆಚ್ಚಿದ್ದವರಿಗೆ ಆದ್ಯತೆ. ವಿಚಾರಿಸುವ ದಾರಿ ಸುಲಭ. 1997ರಲ್ಲಿ ಅಟ್ಲಾಂಟಾದ ಯುನೈಟೆಡ್ ವೇ ಸಂಸ್ಥೆ 211 ಎಂಬ ಮೂರಂಕಿಯ ದೂರವಾಣಿ ಸೇವೆ ಆರಂಭಿಸಿತು. 2000ದಲ್ಲಿ ಆ ಅಂಕಿಯನ್ನು ಸಮಾಜಸೇವೆಯ ಮಾಹಿತಿಗಾಗಿ ಇಡೀ ದೇಶಕ್ಕೆ ಮೀಸಲಿಡಲಾಯಿತು. ಅಲ್ಲಿಗೆ ಕರೆ ಮಾಡಿದರೆ ತಮ್ಮ ಊರಿನಲ್ಲಿ ಯಾವ ಕಚೇರಿ, ಯಾವ ಸಂಘ ಇಂಥ ಕೆಲಸಕ್ಕೆ ಒದಗುತ್ತದೆಂದು ತಿಳಿಸುತ್ತಾರೆ.

ಎರಡನೆಯದು ವಿದ್ಯೆಯ ನೆರವು. 1862ರಲ್ಲಿ ಅಬ್ರಹಾಂ ಲಿಂಕನ್ ಸಹಿ ಮಾಡಿದ ಮಾರಿಲ್ ಕಾಯಿದೆಯಿಂದ ರಾಜ್ಯಗಳಲ್ಲಿ ಕೃಷಿ ಮತ್ತು ತಾಂತ್ರಿಕ ವಿದ್ಯೆಯ ಕಾಲೇಜುಗಳು ಹುಟ್ಟಿದವು. 1914ರ ಸ್ಮಿತ್-ಲಿವರ್ ಕಾಯಿದೆ ಅಲ್ಲಿನ ವಿದ್ಯೆಯನ್ನು ಜನರ ಬಾಗಿಲಿಗೆ ಒಯ್ಯುವ ವಿಸ್ತರಣಾ ಸೇವೆಯನ್ನು ಸ್ಥಾಪಿಸಿತು. 1970ರ ದಶಕದ ಆರಂಭದಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಮನೆತೋಟದವರ ಪ್ರಶ್ನೆಗಳಿಗೆ ಉತ್ತರ ಹೇಳಿ ಪೂರೈಸಲಾಗದೆ, ಆಸಕ್ತ ನಾಗರಿಕರಿಗೇ ತರಬೇತಿ ಕೊಟ್ಟು ಸ್ವಯಂಸೇವಕರನ್ನಾಗಿ ಮಾಡಿದರು. 'ಮಾಸ್ಟರ್ ಗಾರ್ಡನರ್' ಎಂಬ ಈ ಏರ್ಪಾಡು ಮುಂದೆ ಬಹುತೇಕ ರಾಜ್ಯಗಳಿಗೆ ಹರಡಿತು. ಅವರು ಬಂದು ಹುಲ್ಲು ಕತ್ತರಿಸಿಕೊಡುವುದಿಲ್ಲ. ಆದರೆ ಮಣ್ಣು ಪರೀಕ್ಷೆಗೆ ದಾರಿ ತೋರಿಸಿ, ಯಾವ ಗೊಬ್ಬರ ಬೇಕು, ಅದಕ್ಕಿಂತ ಮುಖ್ಯವಾಗಿ ಯಾವುದು ಬೇಡ ಎಂದು ಪುಕ್ಕಟೆಯಾಗಿ ಹೇಳುತ್ತಾರೆ. ಅವರಿಗೆ ಮಾರಲು ಸರಕಿಲ್ಲವಾದ್ದರಿಂದ ಆ ಸಲಹೆಗೆ ಬೆಲೆ ಹೆಚ್ಚು. ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯ 1964ರಲ್ಲಿ ಆರಂಭವಾದದ್ದು ಇದೇ ಮಾದರಿಯ ಮೇಲೆ, ಟೆನೆಸ್ಸಿ ವಿಶ್ವವಿದ್ಯಾನಿಲಯದ ಸಹಕಾರ ಪಡೆದು ಎಂಬುದನ್ನು ಇಲ್ಲಿ ನೆನೆಯಬಹುದು.

ಅವರು ಹೇಳುವ ಮಾತುಗಳಲ್ಲಿ ಒಂದೆರಡನ್ನು ಇಲ್ಲೇ ತಿಳಿಸುತ್ತೇನೆ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ತುಸು ಎತ್ತರವಾಗಿ ಬಿಟ್ಟ ಹುಲ್ಲಿನ ಬೇರು ಆಳಕ್ಕಿಳಿಯುತ್ತದೆ, ನೀರು ಕಡಿಮೆ ಸಾಕು, ಕಳೆಗೆ ನೆರಳಾಗಿ ಅದು ಏಳದು. ಕತ್ತರಿಸಿದ್ದನ್ನು ಚೀಲಕ್ಕೆ ತುಂಬದೆ ಅಲ್ಲೇ ಉದುರಲು ಬಿಟ್ಟರೆ ಕೊಳೆತು ಸಾರಜನಕವಾಗಿ ನೆಲಕ್ಕೇ ಮರಳುತ್ತದೆ. ಖರ್ಚು ಕಡಿಮೆ ಮಾಡುವ ಮೊದಲ ಉಪಾಯ ಇದೇ.

ಮೂರನೆಯದು ಜನರು ತಾವಾಗಿ ಮಾಡುವ ನೆರವು. ಯುದ್ಧಭೂಮಿಗೆ ಹೋದ ಸೈನಿಕರ ಮನೆಯ ಅಂಗಳಗಳನ್ನು ನೋಡಿಕೊಳ್ಳಲು 2006ರಲ್ಲಿ ಪ್ರಾಜೆಕ್ಟ್ ಎವರ್‌ಗ್ರೀನ್ ಎಂಬ ಸಂಸ್ಥೆ ಕಾರ್ಯಕ್ರಮವೊಂದನ್ನು ಆರಂಭಿಸಿ, ವೃತ್ತಿನಿರತ ತೋಟಗಾರರನ್ನೂ ಸ್ವಯಂಸೇವಕರನ್ನೂ ಆ ಕುಟುಂಬಗಳಿಗೆ ಜೋಡಿಸಿತು. ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ಮಾತ್ರ ರಾಡ್ನಿ ಸ್ಮಿತ್ ಜೂನಿಯರ್ ಎಂಬ ತರುಣನ ಕಥೆ. ಬರ್ಮುಡಾದಿಂದ ಬಂದು ಅಲಬಾಮಾದ ಹಂಟ್ಸ್‌ವಿಲ್ಲಿನಲ್ಲಿ ಓದುತ್ತಿದ್ದ ಆತ 2015ರಲ್ಲಿ ಒಂದು ದಿನ ಮುದುಕರೊಬ್ಬರು ಹುಲ್ಲು ಕತ್ತರಿಸಲು ಒದ್ದಾಡುತ್ತಿರುವುದನ್ನು ದಾರಿಯಲ್ಲಿ ಕಂಡ. ವಾಹನ ನಿಲ್ಲಿಸಿ ಇಳಿದು ಆ ಕೆಲಸ ಮುಗಿಸಿಕೊಟ್ಟ. ಆ ಮೇಲೆ ವೃದ್ಧರು, ಅಂಗವಿಕಲರು, ಒಂಟಿಯಾಗಿ ಮಕ್ಕಳನ್ನು ಸಾಕುವವರು, ಮಾಜಿ ಸೈನಿಕರು ಇವರ ಅಂಗಳಗಳನ್ನು ಹಣ ಪಡೆಯದೆ ಕತ್ತರಿಸುವುದನ್ನೇ ವ್ರತವಾಗಿ ಹಿಡಿದು ಒಂದು ಸಂಸ್ಥೆ ಕಟ್ಟಿದ. 2017ರಲ್ಲಿ ದೇಶದ ಐವತ್ತೂ ರಾಜ್ಯಗಳಿಗೆ ಹೋಗಿ ಹುಲ್ಲು ಕತ್ತರಿಸಿ ಬಂದ. ಮಕ್ಕಳಿಗೆ ಅವನು ಒಡ್ಡಿದ ಪಂಥ ಸೊಗಸಾಗಿದೆ: ನಿಮ್ಮ ಊರಿನ ಇಂಥವರ 50 ಅಂಗಳಗಳನ್ನು ಪುಕ್ಕಟೆಯಾಗಿ ಕತ್ತರಿಸಿಕೊಡಿ. ಹತ್ತು ಹತ್ತು ಅಂಗಳಗಳಿಗೆ ಒಂದೊಂದು ಬಣ್ಣದ ಅಂಗಿ, ಐವತ್ತು ಮುಗಿದಾಗ ಹೊಸ ಯಂತ್ರವೊಂದರ ಬಹುಮಾನ. ನಾನು ಮೂರು ದಶಕ ತರಗತಿಯಲ್ಲಿ ನಿಂತವನು. ಮಕ್ಕಳಲ್ಲಿ ಸೇವಾಭಾವ ಬೆಳೆಸಿರೆಂದು ಬಿ.ಎಡ್. ಪಠ್ಯಗಳು ಪುಟಗಟ್ಟಲೆ ಹೇಳುವುದನ್ನು ಆ ತರುಣ ಬಣ್ಣದ ಅಂಗಿಗಳಲ್ಲಿ ಸಾಧಿಸಿದ್ದಾನೆ.

ನಾಲ್ಕನೆಯ ಬಗೆಯ ನೆರವು ಇತ್ತೀಚಿನದು, ವಿಚಿತ್ರವಾದದ್ದು: ಹುಲ್ಲುಹಾಸನ್ನೇ ತೆಗೆದುಹಾಕಲು ನೆರವು. 2005ರಲ್ಲಿ ನಾಸಾದ ವಿಜ್ಞಾನಿಗಳು ಅಂದಾಜು ಮಾಡಿದಂತೆ ಆ ದೇಶದ ಹುಲ್ಲುಹಾಸುಗಳ ಒಟ್ಟು ವಿಸ್ತಾರ ಸುಮಾರು 1,63,000 ಚದರ ಕಿಲೋಮೀಟರು. ನಮ್ಮ ಇಡೀ ಕರ್ನಾಟಕದ ವಿಸ್ತಾರ 1,91,791 ಎಂಬುದನ್ನು ನೆನೆದರೆ ಆ ಅಗಾಧತೆ ಅರಿವಾದೀತು. ಅದಕ್ಕೆಲ್ಲ ನೀರೆಲ್ಲಿಂದ ಬರಬೇಕು? ಮರುಭೂಮಿಯ ನಡುವಿನ ಲಾಸ್ ವೇಗಸ್ಸಿನಲ್ಲಿ ಹುಲ್ಲು ಕಿತ್ತು ಒಣನೆಲದ ಗಿಡ ನೆಡುವವರಿಗೆ ಚದರಡಿಯ ಲೆಕ್ಕದಲ್ಲಿ ಹಣ ಕೊಡುವ ಏರ್ಪಾಡು 1999ರಲ್ಲಿ ಆರಂಭವಾಯಿತು. ಮಿನೆಸೋಟ ರಾಜ್ಯ 2019ರಲ್ಲಿ ಜೇನ್ನೊಣಗಳಿಗೆ ಆಸರೆಯಾಗುವ ಹೂಗಿಡ, ಕ್ಲೋವರ್‌ಗಳನ್ನು ಅಂಗಳದಲ್ಲಿ ಬೆಳೆಸುವವರಿಗೆ ಧನಸಹಾಯ ನೀಡುವ ಯೋಜನೆ ತಂದಿತು. ಔಷಧಿ ಹೊಡೆದು ಕೊಂದ ಕ್ಲೋವರನ್ನೇ ಈಗ ಹಣ ಕೊಟ್ಟು ಮರಳಿ ಕರೆಯುತ್ತಿದ್ದಾರೆ! ಮೇರಿಲ್ಯಾಂಡ್ ರಾಜ್ಯವಂತೂ ಪರಿಸರಕ್ಕೆ ಹಿತವಾದ ಇಂಥ ತೋಟಗಳನ್ನು ಗೃಹಮಾಲೀಕರ ಸಂಘಗಳು ವಿನಾ ಕಾರಣ ತಡೆಯದಂತೆ 2021ರಲ್ಲಿ ಶಾಸನ ಮಾಡಿತು. ಹುಲ್ಲನ್ನು ಕಡಿಮೆ ಮಾಡಿಕೊಂಡವನಿಗೆ ಹುಲ್ಲು ಕೊಯ್ಯುವವನ ಚಿಂತೆಯೂ ಕಡಿಮೆ.

ನನ್ನ ವಿದ್ಯಾರ್ಥಿನಿಯ ವಿಷಯ ಏನಾಯಿತೆಂದು ನೀವು ಕೇಳಬಹುದು. ಆ ಎಚ್ಚರಿಕೆಯ ಕಾಗದದ ಗಡುವು ಮುಗಿಯುವ ಮೊದಲೇ ಎದುರು ಮನೆಯ ಹುಡುಗನೊಬ್ಬ ಬಂದು ಕರೆಗಂಟೆ ಒತ್ತಿ, ಕತ್ತರಿಸಲೇ ಎಂದು ಕೇಳಿದನಂತೆ. ಆ ಬೇಸಿಗೆಯಿಡೀ ಅವನೇ ಕತ್ತರಿಸಿದ. ಹಣ ಮುಟ್ಟಲಿಲ್ಲ. ಇವಳು ಅವನಿಗೆ ವಾರಕ್ಕೆರಡು ಸಂಜೆ ಗಣಿತ ಹೇಳಿಕೊಟ್ಟಳು.

ಇದಕ್ಕೆ ನಮ್ಮ ಹಳ್ಳಿಗಳಲ್ಲಿ ಒಂದು ಹೆಸರಿದೆ, ಮುಯ್ಯಾಳು. ಇಂದು ನಿನ್ನ ಗದ್ದೆಯ ನಾಟಿಗೆ ನಮ್ಮ ಮನೆಯವರು ಬರುತ್ತಾರೆ, ನಾಳೆ ನಮ್ಮ ಗದ್ದೆಯ ಕೊಯ್ಲಿಗೆ ನೀವು ಬನ್ನಿ. ಲೆಕ್ಕದ ಪುಸ್ತಕವಿಲ್ಲ, ಆದರೆ ಲೆಕ್ಕ ಯಾರಿಗೂ ಮರೆಯುವುದಿಲ್ಲ. ಬಿಟ್ಟಿಗೂ ಮುಯ್ಯಿಗೂ ಹೊರನೋಟಕ್ಕೆ ಭೇದ ಕಾಣದು, ಎರಡರಲ್ಲೂ ಹಣ ಕೈ ಬದಲಾಯಿಸುವುದಿಲ್ಲ. ಆದರೆ ಬಿಟ್ಟಿಯಲ್ಲಿ ಒಬ್ಬ ತಲೆ ಬಗ್ಗಿಸಿರುತ್ತಾನೆ, ಮುಯ್ಯಿಯಲ್ಲಿ ಇಬ್ಬರೂ ತಲೆ ಎತ್ತಿರುತ್ತಾರೆ. ಮೌಂಟ್ ವರ್ನನ್ನಿನ ಗುಲಾಮನಿಂದ ಹಂಟ್ಸ್‌ವಿಲ್ಲಿನ ತರುಣನವರೆಗೆ ಹುಲ್ಲಿನ ಚರಿತ್ರೆ ನಡೆದು ಬಂದ ದೂರ ಅಷ್ಟು.

ಸಹಾಯ ಬೇಕಾದವರು ಕೇಳಲು ನಾಚುತ್ತಾರೆ, ನಮ್ಮವರಂತೂ ಮತ್ತಷ್ಟು. ಊರಲ್ಲಿ ಬಾಳಿ ಬದುಕಿದ ಮನೆತನ, ಪರದೇಶದಲ್ಲಿ ಕೈಯೊಡ್ಡುವುದೇ ಎಂಬ ಅಳುಕು. ಆದ್ದರಿಂದ ಕೇಳುವ ಭಾರವನ್ನು ಅವರ ಮೇಲೆ ಹಾಕಬೇಡಿ. ಅಲ್ಲಿರುವ ನೀವೆಲ್ಲ ನಿಮ್ಮ ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ಯಾವ ಮನೆಯ ಹುಲ್ಲು ಈ ವರ್ಷ ಏಕಾಏಕಿ ಎತ್ತರ ಬೆಳೆದಿದೆಯೋ ಆ ಮನೆಯೊಳಗೆ ಏನೋ ಒಂದು ತಗ್ಗಿದೆ ಎಂದು ತಿಳಿಯಿರಿ. ಸಂಘದ ಕಾಗದ ಅಲ್ಲಿಗೆ ತಲುಪುವ ಮೊದಲು ನೀವು ತಲುಪಿ. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ.